ಹೊಸ ಗಣಕ, ಹಳೆಯ ಕಿಟಕಿ: ನಡುವೆ ಸಿಕ್ಕಿಕೊಂಡ ಕನ್ನಡ

"ಯಂತ್ರ ಹೊಸದೇ ಇರಲಿ ಮಾರಾಯ್ರೆ, ಒಳಗೆ ಮಾತ್ರ ಆ ಹಳೇ ವಿಂಡೋಸನ್ನೇ ಹಾಕಿಕೊಡಿ."

ಗಣಕಯಂತ್ರ ರಿಪೇರಿ ಮಾಡುವವರಿಗೆ ಈ ಬೇಡಿಕೆ ಹೊಸದೇನಲ್ಲ. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿಗೆ ಮದರ್‌ಬೋರ್ಡ್ ಸುಟ್ಟುಹೋಗುವುದು ಕಾಫಿ ಸೀಮೆಯಲ್ಲಿ ಆಗಾಗ ಕೇಳಿಬರುವ ಗೋಳು. ಚಿಕ್ಕಮಗಳೂರು ಬಿಟ್ಟು ಆಲ್ದೂರಿನ ಕಡೆ ಹೊರಟರೆ ಸಿಗುವ ವಸ್ತಾರೆಯಿಂದ ಹಿಡಿದು, ಅತ್ತ ಮೂಡಿಗೆರೆ, ಇತ್ತ ಕಳಸದವರೆಗೆ ಊರಿಗೊಂದಾದರೂ ಡಿ.ಟಿ.ಪಿ. ಅಂಗಡಿ ಇದ್ದೇ ಇರುತ್ತದೆ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಹಕಾರ ಸಂಘದ ವಾರ್ಷಿಕ ವರದಿ, ಶಾಲೆಯ ಬೆಳ್ಳಿಹಬ್ಬದ ಸ್ಮರಣ ಸಂಚಿಕೆ ಎಲ್ಲವೂ ಅಲ್ಲೇ ತಯಾರಾಗಬೇಕು. ಅಂತಹ ಅಂಗಡಿಯ ಯಂತ್ರ ಕೆಟ್ಟಾಗ ಮಾಲೀಕರು ಹೊಸದನ್ನು ತರಲು ಹಿಂದೆಮುಂದೆ ನೋಡುವುದಿಲ್ಲ. ಅವರು ಹೆದರುವುದು ಅದರ ಜೊತೆಗೆ ಬರುವ ಹೊಸ ವಿಂಡೋಸಿಗೆ.

ಇದೇನು ವಿಚಿತ್ರ? ನೂರು ಪಟ್ಟು ವೇಗದ ಯಂತ್ರ ತಂದು, ಅದರೊಳಗೆ 20-25 ವರ್ಷ ಹಿಂದಿನ ವ್ಯವಸ್ಥೆಯನ್ನು ಕೂರಿಸುವುದು ಜಿಪುಣತನವೆ? ಕಲಿಯುವ ಸೋಮಾರಿತನವೆ? ಎರಡೂ ಸ್ವಲ್ಪ ಸ್ವಲ್ಪ ಇರಬಹುದು. ಆದರೆ ನಿಜವಾದ ಕಾರಣ ಬೇರೆಯೇ ಇದೆ. ಆ ಹಳೆಯ ಕಿಟಕಿಯ ಒಳಗೆ ಸಿಕ್ಕಿಕೊಂಡಿರುವುದು ಕನ್ನಡ. ಹದಿನೈದಿಪ್ಪತ್ತು ವರ್ಷಗಳ ಕಾಲ ಈ ಊರುಗಳು ಬರೆದು, ಅಕ್ಷರ ಜೋಡಿಸಿ, ಉಳಿಸಿಟ್ಟುಕೊಂಡ ಕನ್ನಡ.

ರೈಟರ ಕೆಲಸ

ಕಾರ್ಯಾಚರಣ ವ್ಯವಸ್ಥೆ ಎಂದರೇನೆಂದು ತೋಟದ ಮಕ್ಕಳಿಗೆ ಹೇಳಿಕೊಡುವುದು ಸುಲಭ. ತೋಟದಲ್ಲಿ ಪಲ್ಪರ್ ಇದೆ, ಒಣಗಿಸುವ ಕಣವಿದೆ, ಪಂಪ್‌ಸೆಟ್ ಇದೆ, ಗೋದಾಮಿದೆ. ಇವು ಯಂತ್ರಾಂಶ. ಹಣ್ಣು ಕೊಯ್ಯುವುದು, ಪಲ್ಪಿಂಗ್ ಮಾಡುವುದು, ನೀರು ಹಾಯಿಸುವುದು ಎಂಬ ಒಂದೊಂದು ಕೆಲಸವೂ ಒಂದೊಂದು ತಂತ್ರಾಂಶ. ಇವೆರಡರ ನಡುವೆ ನಿಂತು, ಯಾವ ಸಲಕರಣೆ ಯಾರಿಗೆ, ಎಷ್ಟು ಹೊತ್ತು ಎಂದು ಹಂಚುವವರು ತೋಟದ ರೈಟರು. ಡಾಸ್, ವಿಂಡೋಸ್, ಲಿನಕ್ಸ್ ಎಂಬವರೆಲ್ಲ ಗಣಕದ ರೈಟರುಗಳೇ. ಚೆಕ್‌ರೋಲ್ ಅವರ ಕೈಯಲ್ಲಿ, ಗೋದಾಮಿನ ಬೀಗದ ಕೈ ಅವರ ಸೊಂಟದಲ್ಲಿ.

ಈಗ 1998ರಲ್ಲಿ ಕೆಲಸ ಕಲಿತ ರೈಟರೊಬ್ಬರನ್ನು ಇಂದಿನ ತೋಟಕ್ಕೆ ಕರೆತಂದು ನಿಲ್ಲಿಸಿ. ಅವರಿಗೆ ಗೊತ್ತಿರುವುದು ಅಂದಿನ ಸಲಕರಣೆಗಳು ಮಾತ್ರ. ಹೊಸ ಯಂತ್ರವೊಂದನ್ನು ಎದುರಿಗಿಟ್ಟರೆ ಅದನ್ನು ನಡೆಸುವ ಬಗೆ ಹೇಳುವ ಚೀಟಿ ಬೇಕು. ಗಣಕದಲ್ಲಿ ಈ ಚೀಟಿಗೆ ಡ್ರೈವರ್ ಎನ್ನುತ್ತಾರೆ. ಪ್ರಿಂಟರಿಗೊಂದು, ಪರದೆಗೊಂದು, ವೈಫೈಗೊಂದು. ಇಂದಿನ ತಯಾರಕರು ಇಂದಿನ ರೈಟರಿಗೆ ಅರ್ಥವಾಗುವ ಚೀಟಿ ಬರೆಯುತ್ತಾರೆಯೇ ಹೊರತು 1998ರವರಿಗಲ್ಲ. ತೊಂದರೆಯ ಅರ್ಧ ಪಾಲು ಇಲ್ಲಿದೆ.

ಉಳಿದರ್ಧ ಇದಕ್ಕಿಂತ ಸ್ವಾರಸ್ಯಕರ.

ಸೊನ್ನೆಯಿಂದ ಭಾಗಿಸಿದಾಗ

ಮೊದಲು ಆಶ್ಚರ್ಯಪಡಬೇಕಾದ ಸಂಗತಿ, ಹಳೆಯದು ಹೊಸದರಲ್ಲಿ ಸ್ವಲ್ಪವಾದರೂ ಓಡುತ್ತದಲ್ಲ ಎಂಬುದು. ಇಂಟೆಲ್ ಕಂಪನಿ 8086 ಎಂಬ ಪ್ರೊಸೆಸರನ್ನು ಹೊರತಂದದ್ದು 1978ರಲ್ಲಿ. ಅದರ ತಮ್ಮನಾದ 8088ನ್ನು ಬಳಸಿ ಐಬಿಎಂ ತನ್ನ ಪಿ.ಸಿ.ಯನ್ನು 1981ರಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಆಮೇಲೆ ಬಂದ 286, 386, ಪೆಂಟಿಯಂ ಮುಂತಾದ ಇಡೀ ವಂಶ ಅಜ್ಜನ ಮಾತನ್ನು ಮರೆಯಲಿಲ್ಲ. ಹೊಸ ಆದೇಶಗಳನ್ನು ಸೇರಿಸಿಕೊಂಡಿತೇ ವಿನಾ ಹಳೆಯವನ್ನು ಕೈಬಿಡಲಿಲ್ಲ. ವಿದ್ಯುತ್ ಹರಿದ ಕ್ಷಣದಲ್ಲಿ ಈ ವಂಶದ ಪ್ರೊಸೆಸರ್ ಎಚ್ಚರಗೊಳ್ಳುವುದೇ 8086ರ ವೇಷದಲ್ಲಿ. ಹೊಸ ವ್ಯವಸ್ಥೆಗಳು ಆ ವೇಷವನ್ನು ಕಳಚಿಸಿ ಮುಂದೆ ಕರೆದೊಯ್ಯುತ್ತವೆ, ಅಷ್ಟೆ.

ಹಾಗಾದರೆ ತೊಡಕು ಎಲ್ಲಿ? ಬಹಳ ಸಲ ಅದು ಹಳೆಯ ತಂತ್ರಾಂಶ ಬರೆದವರ ಲೆಕ್ಕಾಚಾರದಲ್ಲಿದೆ. 'ಇದಕ್ಕಿಂತ ವೇಗದ ಯಂತ್ರ ಬಂದೀತೆ', 'ಇಷ್ಟು ಮೆಮೊರಿ ಯಾರಿಗೆ ಬೇಕು' ಎಂದು ಅವರು ಎಲ್ಲೋ ಒಂದು ಕಡೆ ಗೆರೆ ಎಳೆದಿರುತ್ತಾರೆ.

ಗಣಿತದ ವಿದ್ಯಾರ್ಥಿಗಳಿಗೆ ಇಷ್ಟವಾಗುವ ಉದಾಹರಣೆಯೊಂದಿದೆ. ಯಂತ್ರ ಎಷ್ಟು ವೇಗದ್ದೆಂದು ತಿಳಿಯಲು ವಿಂಡೋಸ್ 95 ಮತ್ತು 98ರ ಒಳಗೆ, ಜಾಲಸಂಪರ್ಕ ನೋಡಿಕೊಳ್ಳುವ ಭಾಗದಲ್ಲಿ, ಒಂದು ಸಣ್ಣ ಉಪಾಯವಿತ್ತು. ಒಂದು ಪುಟ್ಟ ಆದೇಶವನ್ನು ಗೊತ್ತಾದಷ್ಟು ಸಲ ಸುತ್ತಿಸುವುದು, ಅದಕ್ಕೆ ಹಿಡಿದ ಸಮಯವನ್ನು ಅಳೆಯುವುದು, ಆ ಸಮಯದಿಂದ ಭಾಗಿಸುವುದು. ಅಂದಿನ ಯಂತ್ರಗಳಿಗೆ ಇದು ಸರಿಯಾಗಿಯೇ ಇತ್ತು. ಆದರೆ ಪ್ರೊಸೆಸರಿನ ವೇಗ 2.1 ಗಿಗಾಹರ್ಟ್ಸ್ ದಾಟಿದಾಗ ಸುತ್ತಾಟ ಎಷ್ಟು ಬೇಗ ಮುಗಿಯಿತೆಂದರೆ, ಅಳತೆಯ ಗಡಿಯಾರ ಅಲುಗಲೇ ಇಲ್ಲ. ಹಿಡಿದ ಸಮಯ ಸೊನ್ನೆ! ಸೊನ್ನೆಯಿಂದ ಭಾಗಿಸಬಾರದೆಂದು ಹೈಸ್ಕೂಲಿನ ಮಕ್ಕಳಿಗೂ ಗೊತ್ತು. ಗಣಕಕ್ಕೂ ಗೊತ್ತು. ಅದು 'ಪ್ರೊಟೆಕ್ಷನ್ ಎರರ್' ಎಂದು ಪರದೆಯ ಮೇಲೆ ಬರೆದು ಅಲ್ಲೇ ನಿಂತುಬಿಟ್ಟಿತು. ಎಎಂಡಿ ಕಂಪನಿಯ ಕೆ6-2 ಪ್ರೊಸೆಸರಿನಲ್ಲಂತೂ 350 ಮೆಗಾಹರ್ಟ್ಸ್‌ಗೇ ವಿಂಡೋಸ್ 95 ಹೀಗೆ ಮುಗ್ಗರಿಸುತ್ತಿತ್ತು. ಮೈಕ್ರೋಸಾಫ್ಟ್ ಅದಕ್ಕೆ ತೇಪೆ ಹಾಕಿ ಕೊಡಬೇಕಾಯಿತು. ಯಂತ್ರ ನಿಧಾನವಾದದ್ದಕ್ಕಲ್ಲ, ವೇಗವಾದದ್ದಕ್ಕೆ ಕೆಟ್ಟದ್ದು!

ಮೆಮೊರಿಯದೂ ಇಂತಹದೇ ತಮಾಷೆ. ವಿಂಡೋಸ್ 98ಕ್ಕೆ ಕನಿಷ್ಠ 16 ಮೆಗಾಬೈಟ್ ಮೆಮೊರಿ ಸಾಕೆಂದು ಅದರ ಪೆಟ್ಟಿಗೆಯ ಮೇಲೆ ಬರೆದಿರುತ್ತಿತ್ತು. ಇಂದು ಸಾಮಾನ್ಯ ಲ್ಯಾಪ್‌ಟಾಪಿನಲ್ಲೂ 8 ಗಿಗಾಬೈಟ್, ಅಂದರೆ ಅದರ 512 ಪಟ್ಟು ಇರುತ್ತದೆ. ಆದರೆ ವಿಂಡೋಸ್ 98ಕ್ಕೆ 512 ಮೆಗಾಬೈಟಿಗಿಂತ ಹೆಚ್ಚು ಉಣಬಡಿಸಿದರೆ ಅಜೀರ್ಣ ಶುರುವಾಗುತ್ತದೆ. ಮೆಮೊರಿ ಹೆಚ್ಚಿದ್ದಷ್ಟೂ ಅದು ಕಡತಗಳನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳಲು ದೊಡ್ಡ ಜಾಗವನ್ನು ಕಾದಿರಿಸುತ್ತ ಹೋಗುತ್ತದೆ. ಕೊನೆಗೆ ಉಳಿದ ಕೆಲಸಗಳಿಗೆ ವಿಳಾಸ ಸಂಖ್ಯೆಗಳೇ ಉಳಿಯುವುದಿಲ್ಲ. ಆಗ ಬರುವ ಸಂದೇಶವೇನು ಗೊತ್ತೆ? 'ಸಾಕಷ್ಟು ಮೆಮೊರಿ ಇಲ್ಲ' ಎಂದು!

ವಿಂಡೋಸ್ ಎಕ್ಸ್‌ಪಿ 2001ರ ಅಕ್ಟೋಬರಿನಲ್ಲಿ ಬಂದದ್ದು. ಅದಕ್ಕೆ ಈ ಎರಡು ರೋಗಗಳಿಲ್ಲ, ಬೇರೆ ಇವೆ. ಅದರ ಸಿ.ಡಿ. ತಯಾರಾದಾಗ ಹಾರ್ಡ್‌ಡಿಸ್ಕುಗಳು ಅಗಲವಾದ ಪಟ್ಟಿಯಂತಹ ಕೇಬಲ್ಲಿನಲ್ಲಿ ಜೋತಾಡುತ್ತಿದ್ದವು. ಈಗಿನ ಡಿಸ್ಕಿನ ಭಾಷೆ ಅದಕ್ಕೆ ತಿಳಿಯದು. ಹೀಗಾಗಿ ಅನುಸ್ಥಾಪನೆಯ ನಡುವೆಯೇ ಪರದೆ ನೀಲಿಗಟ್ಟುತ್ತದೆ. ಕೆಲವು ವರ್ಷಗಳ ಹಿಂದಿನ ಯಂತ್ರಗಳಾದರೆ ಒಳಗಿನ ಸೆಟಪ್ಪಿನಲ್ಲಿ ಡಿಸ್ಕನ್ನು 'ಐಡಿಇ' ಎಂಬ ಹಳೆಯ ವೇಷಕ್ಕೆ ಬದಲಿಸಿ ದಾಟಿಸಬಹುದಿತ್ತು. ರಿಪೇರಿ ಬಲ್ಲವರ ಕೈಚಳಕವೆಲ್ಲ ಇಂತಹವೇ.

ಈಗ ಆ ಬಾಗಿಲೂ ಮುಚ್ಚುತ್ತಿದೆ. ಗಣಕ ಎಚ್ಚರಗೊಂಡೊಡನೆ ಮೊದಲು ಮಾತನಾಡಿಸುವ ಬಯೋಸ್ ಎಂಬ ಪುಟ್ಟ ತಂತ್ರಾಂಶದ ಜಾಗಕ್ಕೆ ಯುಇಎಫ್‌ಐ ಎಂಬ ಹೊಸ ಪದ್ಧತಿ ಬಂದಿದೆ. ಬಹಳ ಕಾಲ ಅದು ಬಯೋಸಿನ ವೇಷವನ್ನೂ ಹಾಕಬಲ್ಲದ್ದಾಗಿತ್ತು. 2020ರ ಹೊತ್ತಿಗೆ ಆ ವೇಷವನ್ನು ಕೈಬಿಡುವುದಾಗಿ ಇಂಟೆಲ್ 2017ರಲ್ಲೇ ಹೇಳಿತು. ಹಾಗಾಗಿ ಇಂದು ಅಂಗಡಿಯಿಂದ ತರುವ ಲ್ಯಾಪ್‌ಟಾಪುಗಳಲ್ಲಿ ಎಕ್ಸ್‌ಪಿಯನ್ನು ನೇರವಾಗಿ ಕೂರಿಸಲು ಹೊರಟವರು ಹೊಸ್ತಿಲಲ್ಲೇ ನಿಲ್ಲಬೇಕಾಗುತ್ತದೆ. ಇನ್ನು ಡಿ.ಟಿ.ಪಿ.ಯವರಿಗೆ ಮತ್ತೊಂದು ಕಾಟ. ಬೆಲೆಬಾಳುವ ಭಾಷಾ ತಂತ್ರಾಂಶಗಳು ಕಳ್ಳಪ್ರತಿ ತಡೆಯಲು 'ಲಾಕ್' ಎಂಬ ಬೆರಳುದ್ದದ ಸಾಧನದ ಜೊತೆ ಬರುತ್ತಿದ್ದವು. ಅದನ್ನು ಪ್ರಿಂಟರಿನ ಅಗಲ ರಂಧ್ರಕ್ಕೆ ಸಿಕ್ಕಿಸಿದರಷ್ಟೇ ತಂತ್ರಾಂಶ ತೆರೆದುಕೊಳ್ಳುವುದು. ಹೊಸ ಯಂತ್ರಗಳಲ್ಲಿ ಆ ರಂಧ್ರವೇ ಇಲ್ಲ. ಯುಎಸ್‌ಬಿಗೆ ಹಾಕುವ ಪರಿವರ್ತಕ ಕೇಬಲ್ಲುಗಳು ಪ್ರಿಂಟರಿಗೆ ಆದಾವು, ಲಾಕಿಗೆ ಸಾಮಾನ್ಯವಾಗಿ ಆಗುವುದಿಲ್ಲ.

ಇಷ್ಟೆಲ್ಲ ಪಾಡುಪಟ್ಟಾದರೂ ಹಳೆಯದೇ ಬೇಕೆನ್ನುವುದೇಕೆ?

ಟೋಪಿ ಹಾಕಿದ 'ಎ' ಮತ್ತು ಪೌಂಡ್ ಚಿಹ್ನೆ

ಹಳೆಯ ಕನ್ನಡ ಕಡತವೊಂದನ್ನು ಇಂದಿನ ಗಣಕದಲ್ಲಿ ತೆರೆದು ನೋಡಿದವರಿಗೆ ಉತ್ತರ ಸಿಕ್ಕಿರುತ್ತದೆ. 'ನುಡಿ'ಯಲ್ಲಿ 'ಕನ್ನಡ' ಎಂದು ಬರೆದಿಟ್ಟ ಮೂರಕ್ಷರದ ಜಾಗದಲ್ಲಿ ಏನು ಕಾಣುತ್ತದೆ? ಇಂಗ್ಲಿಷಿನ ದೊಡ್ಡ 'ಪಿ', ತಲೆಯ ಮೇಲೆ ಓರೆಗೆರೆಯ ಟೋಪಿ ಹಾಕಿದ 'ಎ', ಬ್ರಿಟಿಷರ ಪೌಂಡ್ ಚಿಹ್ನೆ, ಮತ್ತೆ ಟೋಪಿಯ 'ಎ', ಜರ್ಮನ್ ಭಾಷೆಯ ಜೋಡಿ 'ಎಸ್', ಚಿಕ್ಕ 'ಕ್ಯೂ', ಕೊನೆಗೆ ಇನ್ನೊಮ್ಮೆ ಟೋಪಿಯ 'ಎ'. ಕಡತ ಕೆಟ್ಟಿದೆ ಎಂದು ಅಳಿಸಿಹಾಕಿದವರೂ ಇದ್ದಾರೆ. ಅದು ಕೆಟ್ಟಿಲ್ಲ. ಅದನ್ನು ಓದುವ ಕನ್ನಡಕ ಕಳೆದುಹೋಗಿದೆ, ಅಷ್ಟೆ.

ಇದರ ಹಿನ್ನೆಲೆ ಕನ್ನಡದ ಅಚ್ಚುಮೊಳೆಯ ಕಾಲದಷ್ಟು ಹಿಂದಕ್ಕೆ ಹೋಗುತ್ತದೆ. ಗಣಕ ಅಕ್ಷರವನ್ನು ನೆನಪಿಡುವುದು ಸಂಖ್ಯೆಯಾಗಿ. ಒಂದು ಬೈಟಿನಲ್ಲಿ ಇರಬಹುದಾದ ಸಂಖ್ಯೆಗಳು 256. ಇಂಗ್ಲಿಷಿನ ಚಿಕ್ಕ ದೊಡ್ಡ ಅಕ್ಷರ, ಅಂಕಿ, ಚಿಹ್ನೆ ಎಲ್ಲ ಸೇರಿದರೂ ಅದರಲ್ಲಿ ಅರ್ಧ ಖಾಲಿ. ಕನ್ನಡದ ಸಂಗತಿ ಹಾಗಲ್ಲ. 34 ವ್ಯಂಜನಗಳಿಗೆ ಕಾಗುಣಿತ ಕಟ್ಟಿದರೇ ಐನೂರರ ಹತ್ತಿರ ಹೋಗುತ್ತದೆ. ಒತ್ತಕ್ಷರ ಸೇರಿಸಿದರೆ ಕೇಳುವುದೇ ಬೇಡ. ಮೊಳೆ ಜೋಡಿಸುವ ಮುದ್ರಣಾಲಯಗಳಲ್ಲಿ ಮಾಡುತ್ತಿದ್ದ ಹಾಗೆಯೇ ಗಣಕದವರೂ ಅಕ್ಷರಗಳನ್ನು ತುಂಡುಮಾಡಿದರು. 'ಕ'ದ ತಲೆಕಟ್ಟಿಲ್ಲದ ಮೈ ಒಂದು ತುಂಡು, ತಲೆಕಟ್ಟು ಇನ್ನೊಂದು, 'ನ' ಒತ್ತು ಮತ್ತೊಂದು. ಈ ತುಂಡುಗಳನ್ನು ಇಂಗ್ಲಿಷಿನ ಹಾಗೂ ಐರೋಪ್ಯ ಅಕ್ಷರಗಳ ಮನೆಗಳಲ್ಲಿ ಕೂರಿಸಿ ಫಾಂಟ್ ತಯಾರಿಸಿದರು. ಹಾಗಾಗಿ ಟೋಪಿಯ 'ಎ' ಇರುವಲ್ಲಿ ತಲೆಕಟ್ಟು, ಪೌಂಡ್ ಇರುವಲ್ಲಿ 'ನ'ದ ಮೈ. ಪಾಪ, ಗಣಕಕ್ಕೆ ತಾನು ಕನ್ನಡ ಬರೆಯುತ್ತಿದ್ದೇನೆ ಎಂಬುದೇ ಗೊತ್ತಿಲ್ಲ!

ಇದನ್ನು ಹಗುರವಾಗಿ ಕಾಣುವಂತಿಲ್ಲ. ಆ ಕಾಲದ ಸಲಕರಣೆಯಲ್ಲಿ ಅದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ. ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು ಕನ್ನಡದ ಧ್ವನಿಗಳಿಗೆ ಹೊಂದುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದರು. 'ಕೆ' ಒತ್ತಿದರೆ 'ಕ', ಶಿಫ್ಟಿನ ಜೊತೆ ಒತ್ತಿದರೆ 'ಖ'. ಸೇಡಿಯಾಪು ಕೃಷ್ಣಭಟ್ಟರ ನೆನಪಿನಲ್ಲಿ 'ಸೇಡಿಯಾಪು' ಎಂದು ಹೆಸರಿಟ್ಟ ಅವರ ತಂತ್ರಾಂಶವನ್ನು ಅವರು ಮಾರಲಿಲ್ಲ, ಹಂಚಿದರು. ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ಕಾರ್ಡನ್ನು ಯಂತ್ರದೊಳಗೆ ಸಿಕ್ಕಿಸಿದರೆ ಡಾಸ್‌ನಲ್ಲೇ ಭಾರತೀಯ ಲಿಪಿಗಳು ಮೂಡುತ್ತಿದ್ದವು. ಪ್ರಕಾಶಕ, ಶ್ರೀಲಿಪಿ, ಆಕೃತಿ ಮುಂತಾದವು ಮುದ್ರಣಾಲಯಗಳನ್ನು ಹೊಕ್ಕವು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದು ಮನೆಮನೆಯ ಗಣಕದಲ್ಲಿ ಕನ್ನಡ ಮೂಡಿತು. ಕನ್ನಡ ಗಣಕ ಪರಿಷತ್ತಿನ 'ನುಡಿ' ಸರ್ಕಾರಿ ಕಚೇರಿಗಳಿಗೆ ಬಂತು. ಅದರ ಕೀಲಿಮಣೆಗೆ ಆಧಾರ ಕೆ.ಪಿ. ರಾವ್ ಅವರ ವಿನ್ಯಾಸವೇ.

ಮೂಡಿಗೆರೆಯನ್ನು ಇಲ್ಲಿ ಮರೆಯುವಂತಿಲ್ಲ. ಪೂರ್ಣಚಂದ್ರ ತೇಜಸ್ವಿಯವರು ಕಾಫಿ ತೋಟದ ನಡುವೆ ಕುಳಿತು ಹಕ್ಕಿ, ಮೀನು, ಕ್ಯಾಮೆರಾಗಳ ಜೊತೆಗೆ ಗಣಕವನ್ನೂ ಹಚ್ಚಿಕೊಂಡಿದ್ದರು. ಗಣಕದಲ್ಲಿ ನೆಲೆ ನಿಲ್ಲದ ಭಾಷೆಗೆ ಮುಂದೆ ಉಳಿಗಾಲವಿಲ್ಲ ಎಂಬ ಆತಂಕ ಅವರದಾಗಿತ್ತು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೂಲಕ 'ಕುವೆಂಪು' ಎಂಬ ಕನ್ನಡ ತಂತ್ರಾಂಶ ಹೊರಬರುವುದರ ಹಿಂದೆ ಅವರ ಒತ್ತಾಸೆಯಿತ್ತು. 2007ರ ಏಪ್ರಿಲ್ 5ರಂದು ಅವರು ತೀರಿಕೊಂಡರು. ಅವರ ಆತಂಕವನ್ನು ಇಂದು ಹಿಂದಿರುಗಿ ನೋಡಿದರೆ ಅದಕ್ಕೆ ಇನ್ನೊಂದು ಮಗ್ಗುಲು ಕಾಣುತ್ತದೆ. ಗಣಕದಲ್ಲಿ ನೆಲೆ ನಿಂತರಷ್ಟೇ ಸಾಲದು, ಗಣಕದ ತಲೆಮಾರು ಬದಲಾದಾಗ ಅಲ್ಲಿಂದ ಎದ್ದು ಬರಲೂ ಬೇಕಲ್ಲ?

ಏಕೆಂದರೆ ತುಂಡುಗಳ ಜೋಡಣೆ ಎಲ್ಲರಲ್ಲೂ ಒಂದೇ ಆಗಿರಲಿಲ್ಲ. ಶ್ರೀಲಿಪಿಯ ಕಡತವನ್ನು ನುಡಿಯ ಫಾಂಟಿನಲ್ಲಿ ತೆರೆದರೆ ಅದೂ ಕಲಸುಮೇಲೋಗರ. ಹುಡುಕುವುದಾಗಲಿ ಅಕಾರಾದಿಯಾಗಿ ಜೋಡಿಸುವುದಾಗಲಿ ಸಲೀಸಾಗಿ ಆಗುತ್ತಿರಲಿಲ್ಲ. ಇದಕ್ಕೆಲ್ಲ ಪರಿಹಾರವಾಗಿ ಯೂನಿಕೋಡ್ ಬಂತು. ಅದರಲ್ಲಿ ಕನ್ನಡಕ್ಕೆಂದೇ 3200ರಿಂದ 3327ರವರೆಗೆ 128 ಸಂಖ್ಯೆಗಳ ಸ್ವಂತ ಮನೆಯಿದೆ. 3221 ಎಂದರೆ ಜಗತ್ತಿನ ಯಾವ ಗಣಕದಲ್ಲೂ 'ಕ'ವೇ, ಬೇರೆಯಲ್ಲ. ಇಲ್ಲಿ ಉಳಿಸುವುದು ಅಕ್ಷರದ ಆಕಾರವನ್ನಲ್ಲ, ಅಕ್ಷರವನ್ನು. ಒತ್ತು ಎಲ್ಲಿ, ತಲೆಕಟ್ಟು ಎಲ್ಲಿ ಎಂಬುದನ್ನು ತೋರಿಸುವ ಹೊತ್ತಿಗೆ ಗಣಕವೇ ನೋಡಿಕೊಳ್ಳುತ್ತದೆ. ವಿಂಡೋಸಿನಲ್ಲಿ ಈ ವಿದ್ಯೆ ಕನ್ನಡಕ್ಕೆ ಬಂದದ್ದು ಎಕ್ಸ್‌ಪಿಯ ಜೊತೆಗೆ, 'ತುಂಗಾ' ಎಂಬ ಫಾಂಟಿನೊಂದಿಗೆ.

ಹಾಗಿದ್ದೂ ಮುದ್ರಣದವರು ಬಹಳ ವರ್ಷ ಅತ್ತ ಹೊರಳಲಿಲ್ಲ. ಅವರ ಕೈಗೆ ಒಗ್ಗಿದ್ದು ಪೇಜ್‌ಮೇಕರ್. 1985ರಲ್ಲಿ ಆಲ್ಡಸ್ ಕಂಪನಿ ಹೊರತಂದ, ಮುಂದೆ ಅಡೋಬಿಯ ಪಾಲಾದ ಈ ತಂತ್ರಾಂಶದ ಕೊನೆಯ ಆವೃತ್ತಿ 2001ರ 7.0. ಅದಕ್ಕೆ ಯೂನಿಕೋಡ್ ಕನ್ನಡ ಬಾರದು. ಅದರ ಉತ್ತರಾಧಿಕಾರಿಯಾದ ಇನ್‌ಡಿಸೈನಿಗೆ ಭಾರತೀಯ ಲಿಪಿಗಳು ಸರಿಯಾಗಿ ಒಗ್ಗಿದ್ದು 2012ರ ಸಿಎಸ್6 ಆವೃತ್ತಿಯ ಹೊತ್ತಿಗೆ. ವಿಪರ್ಯಾಸ ನೋಡಿ: ಪೇಜ್‌ಮೇಕರ್ ಕಡತಗಳನ್ನು ತೆರೆಯಬಲ್ಲ ಕೊನೆಯ ಇನ್‌ಡಿಸೈನ್ ಕೂಡ ಅದೇ ಸಿಎಸ್6. ಅದರ ನಂತರದ ಆವೃತ್ತಿಗಳು ಪೇಜ್‌ಮೇಕರನ್ನು ಗುರುತೇ ಹಿಡಿಯುವುದಿಲ್ಲ. ಹಳೆಯ ಮನೆ ಬಿಡುವ ಬಾಗಿಲು ತೆರೆದೊಡನೆ ಸೇತುವೆಯನ್ನು ಎತ್ತಿಬಿಟ್ಟಂತಾಯಿತು. ಇನ್ನೊಂದು ಕಡೆ, 2021ರಲ್ಲಿ ಬಂದ ವಿಂಡೋಸ್ 11 ಇರುವುದು 64 ಬಿಟ್‌ನ ರೂಪದಲ್ಲಿ ಮಾತ್ರ. ವಿಂಡೋಸ್ 3.1ರ ಕಾಲಕ್ಕೆಂದು ಬರೆದ 16 ಬಿಟ್‌ನ ತಂತ್ರಾಂಶಗಳು ಅದರಲ್ಲಿ ಓಡುವುದೇ ಇಲ್ಲ.

ಹೀಗೆ ಡಿ.ಟಿ.ಪಿ. ಅಂಗಡಿಯವರು ಹಳೆಯ ವಿಂಡೋಸ್ ಕೇಳುವುದು ಹಟಕ್ಕಲ್ಲ. ಕಳೆದ ಬಾರಿಯ ವರದಿಯನ್ನು ತೆರೆದು ಈ ಬಾರಿಯ ಅಂಕಿ ತುಂಬಬೇಕಲ್ಲ, ಅದಕ್ಕೆ.

ಹಳೆಯದು ಅಂತರ್ಜಾಲಕ್ಕೆ ಬೇಡ

ನಮ್ಮ ಊರುಗಳಿಗಷ್ಟೇ ಈ ಪಾಡು ಎಂದುಕೊಳ್ಳಬೇಕಿಲ್ಲ. 2015ರ ನವೆಂಬರಿನಲ್ಲಿ ಪ್ಯಾರಿಸ್ಸಿನ ಓರ್ಲಿ ವಿಮಾನ ನಿಲ್ದಾಣದಲ್ಲಿ ವಿಮಾನಗಳು ಕೆಲಹೊತ್ತು ನಿಂತಾಗ, ಪೈಲಟ್‌ಗಳಿಗೆ ಹವಾಮಾನದ ಮಾಹಿತಿ ಕೊಡುವ ಗಣಕ ಓಡುತ್ತಿದ್ದುದು ವಿಂಡೋಸ್ 3.1ರಲ್ಲಿ ಎಂಬ ಸಂಗತಿ ಪತ್ರಿಕೆಗಳಲ್ಲಿ ಬಂತು. ಅಮೆರಿಕದ ಅಣ್ವಸ್ತ್ರ ಪಡೆ ತನ್ನ ಸಂದೇಶ ವ್ಯವಸ್ಥೆಯಲ್ಲಿ 8 ಅಂಗುಲದ ಫ್ಲಾಪಿಗಳನ್ನು 2019ರವರೆಗೂ ಬಳಸುತ್ತಿತ್ತು.

ಆದರೆ ಹಳೆಯದನ್ನು ಅಂತರ್ಜಾಲಕ್ಕೆ ಜೋಡಿಸುವುದು ಮಾತ್ರ ಬೀಗವಿಲ್ಲದ ಗೋದಾಮಿನಲ್ಲಿ ಕಾಳುಮೆಣಸು ಇಟ್ಟಂತೆ. ವಿಂಡೋಸ್ 98ಕ್ಕೆ ಮೈಕ್ರೋಸಾಫ್ಟಿನ ರಕ್ಷಣೆ 2006ರ ಜುಲೈ 11ಕ್ಕೆ ಮುಗಿಯಿತು, ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೆ. 2017ರ ಮೇ ತಿಂಗಳಲ್ಲಿ 'ವನ್ನಾಕ್ರೈ' ಎಂಬ ಪಿಡುಗು ಜಗತ್ತಿನಾದ್ಯಂತ ಕಡತಗಳಿಗೆ ಬೀಗ ಜಡಿದು ಹಣ ಕೇಳತೊಡಗಿದಾಗ, ಕಂಪನಿ ನಿವೃತ್ತ ಎಕ್ಸ್‌ಪಿಗೂ ತುರ್ತು ತೇಪೆ ಕೊಡಬೇಕಾಯಿತು. ಅಂತರ್ಜಾಲವಿಲ್ಲದಿದ್ದರೂ ಪೆನ್‌ಡ್ರೈವ್ ಇದೆಯಲ್ಲ. ಗಿರಾಕಿಗಳು ತರುವ ಪೆನ್‌ಡ್ರೈವಿನಲ್ಲಿ ವೈರಸ್ ಬರುವುದು ಅಂಗಡಿಯವರಿಗೆ ಹೇಳಿಕೊಡಬೇಕಾದ ವಿಷಯವಲ್ಲ.

ಗಾಜಿನ ಪೆಟ್ಟಿಗೆಯಲ್ಲಿ ಹಳೆಯ ಗಣಕ

ಹೊಸ ಯಂತ್ರದಲ್ಲಿ ಹಳೆಯ ವ್ಯವಸ್ಥೆಯನ್ನು ನಡೆಸಲು ಜಾಣ ದಾರಿ ಬೇರೊಂದಿದೆ. ರೈಟರನ್ನು ಹೊಸ ತೋಟಕ್ಕೆ ಕರೆತರುವುದರ ಬದಲು, ಹೊಸ ತೋಟದ ಮೂಲೆಯಲ್ಲಿ ಅವರಿಗೆ ಗೊತ್ತಿದ್ದ ಹಳೆಯ ತೋಟದ ಪ್ರತಿಕೃತಿಯನ್ನೇ ಕಟ್ಟಿಕೊಡುವುದು. ಇದಕ್ಕೆ ವರ್ಚುವಲ್ ಯಂತ್ರ ಎಂದು ಹೆಸರು, ಕನ್ನಡದಲ್ಲಿ ಮಾಯಾಗಣಕ ಎನ್ನಬಹುದು. ಇದೊಂದು ತಂತ್ರಾಂಶ ಅಷ್ಟೆ. ಅದು ಒಳಗಿರುವ ಎಕ್ಸ್‌ಪಿಗೆ 'ಇಗೋ ಹಳೆಯ ಡಿಸ್ಕು, ಇಗೋ 512 ಮೆಗಾಬೈಟ್ ಮೆಮೊರಿ, ಇಗೋ ನೀನು ಬಲ್ಲ ಪರದೆ' ಎಂದು ನಂಬಿಸುತ್ತದೆ. ಎಕ್ಸ್‌ಪಿ ನೆಮ್ಮದಿಯಾಗಿ ಒಂದು ಕಿಟಕಿಯೊಳಗೆ ಓಡುತ್ತದೆ, ಸುತ್ತ ವಿಂಡೋಸ್ 11 ಅಥವಾ ಲಿನಕ್ಸ್ ಇರುತ್ತದೆ. ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶ ಇದಕ್ಕೆ ಉಚಿತವಾಗಿ ಸಿಗುತ್ತದೆ. ಡಾಸ್ ಕಾಲದವಕ್ಕೆ ಡಾಸ್‌ಬಾಕ್ಸ್ ಇದೆ. ವಿಂಡೋಸ್ 95, 98ಕ್ಕಾದರೆ ಹಳೆಯ ಯಂತ್ರಾಂಶದ ಒಂದೊಂದು ಬಿಡಿಭಾಗವನ್ನೂ ಅನುಕರಿಸುವ 86ಬಾಕ್ಸ್ ಹೆಚ್ಚು ಹೊಂದುತ್ತದೆ. ಹಳೆಯ ವಿಂಡೋಸಿನ ಪರವಾನಗಿ ಮಾತ್ರ ನಿಮ್ಮದೇ ಆಗಿರಬೇಕು.

ಗಾಜಿನ ಪೆಟ್ಟಿಗೆಯೊಳಗಿನ ಯಂತ್ರಕ್ಕೆ ಸಿಡಿಲು ಹೊಡೆಯದು. ಇಡೀ ಗಣಕವೇ ಒಂದು ದೊಡ್ಡ ಕಡತವಾದ್ದರಿಂದ ಅದರ ನಕಲು ಮಾಡಿ ಎರಡು ಕಡೆ ಇಟ್ಟುಕೊಳ್ಳಬಹುದು. ಜಾಲಸಂಪರ್ಕವನ್ನು ಒಂದೇ ಗುಂಡಿಯಲ್ಲಿ ಕತ್ತರಿಸಬಹುದು. ಲಾಕ್ ಇರುವ ತಂತ್ರಾಂಶಗಳಿಗೆ ಮಾತ್ರ ಇದು ಸುಲಭದ ಮದ್ದಲ್ಲ. ಅಂತಹವರು ಹಳೆಯ ಯಂತ್ರ ಉಸಿರಾಡುತ್ತಿರುವಾಗಲೇ ಕಡತಗಳನ್ನು ಹೊರತೆಗೆಯಬೇಕು.

ಪಿ.ಯು.ಸಿ. ಓದುವ ಹುಡುಗ ಹುಡುಗಿಯರಿಗೆ ರಜೆಯಲ್ಲಿ ಮಾಡಲು ಇದಕ್ಕಿಂತ ಒಳ್ಳೆಯ ಕೆಲಸ ಸಿಗುವುದು ಕಷ್ಟ. ಆದರೆ ಆಟವಾಗಿ ಶುರುವಾದದ್ದು ಅಲ್ಲಿಗೇ ನಿಲ್ಲಬಾರದು. ಮಾಯಾಗಣಕ ನೆಂಟರ ಮನೆಯಿದ್ದಂತೆ, ಕನ್ನಡ ಕೊನೆಗೆ ಸೇರಬೇಕಾದದ್ದು ಅದರ ಸ್ವಂತ ಮನೆಯಾದ ಯೂನಿಕೋಡಿಗೆ. ತಡ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಬಿಬಿಸಿಯವರ ಕಥೆ ಸಾಕು. ಇಂಗ್ಲೆಂಡಿನ ಭೂಮಿ ಕಾಣಿಗಳ ಲೆಕ್ಕ ಬರೆದ 1086ರ 'ಡೂಮ್ಸ್‌ಡೇ' ಪುಸ್ತಕಕ್ಕೆ 900 ವರ್ಷ ತುಂಬಿದಾಗ, 1986ರಲ್ಲಿ ಅವರು ಶಾಲಾಮಕ್ಕಳಿಂದಲೂ ಬರೆಸಿ ಹೊಸದೊಂದನ್ನು ಲೇಸರ್ ಡಿಸ್ಕಿನ ಮೇಲೆ ತಂದರು. 2002ರ ಹೊತ್ತಿಗೆ ಅದನ್ನು ಓದುವ ಯಂತ್ರಗಳೇ ಅಪರೂಪವಾಗಿ, ಸಂಶೋಧಕರು ಅದರ ಮಾಯಾಗಣಕವನ್ನು ಕಟ್ಟಿ ಬದುಕಿಸಬೇಕಾಯಿತು. ಚರ್ಮದ ಮೇಲೆ ಬರೆದ ಹಳೆಯ ಪುಸ್ತಕವನ್ನು ಇಂದಿಗೂ ಓದಬಹುದು. ಅಷ್ಟು ದೂರವೇಕೆ? ನೆರೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕಿದ ಶಾಸನ ಸುಮಾರು 5ನೆಯ ಶತಮಾನದ್ದು. ಲಿಪಿ ಕಲಿತವರು ಅದನ್ನು ಓದುತ್ತಾರೆ. 1999ರಲ್ಲಿ ಫ್ಲಾಪಿಯಲ್ಲಿ ಇಟ್ಟ ಊರಿನ ಇತಿಹಾಸವನ್ನು?

ಅದರಲ್ಲೂ ಮಲೆನಾಡಿನ ಮಳೆಗಾಲಕ್ಕೆ ಫ್ಲಾಪಿ, ಸಿ.ಡಿ.ಗಳಿಗೆ ಬೂಷ್ಟು ಹಿಡಿಯಲು ಹೆಚ್ಚು ಹೊತ್ತು ಬೇಡ. ಅಪ್ಪ ಅಮ್ಮಂದಿರು ಅಟ್ಟದ ಮೇಲೆ, ಬೀರುವಿನ ತಳದಲ್ಲಿ ಒಮ್ಮೆ ಹುಡುಕುವುದು ಲೇಸು. ಅಲ್ಲಿರುವುದು ಅಜ್ಜ ಬರೆಸಿದ ವಂಶಾವಳಿಯಾಗಿರಬಹುದು, ಅಮ್ಮನ ಎಂ.ಎ. ಪ್ರಬಂಧವಾಗಿರಬಹುದು, ಮಹಿಳಾ ಸಮಾಜದ ಸ್ಮರಣ ಸಂಚಿಕೆಯಾಗಿರಬಹುದು. ಸತ್ತ ಗಣಕವಾದರೂ ಗುಜರಿಗೆ ಹಾಕುವ ಮುಂಚೆ ಡಿಸ್ಕನ್ನು ಬಿಚ್ಚಿಸಿಕೊಳ್ಳಿ. ಮದರ್‌ಬೋರ್ಡ್ ಸುಟ್ಟಿದ್ದರೂ ಡಿಸ್ಕು ಚೆನ್ನಾಗಿರುವ ಸಾಧ್ಯತೆ ಹೆಚ್ಚು. ಹಳೆಯ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಕೇಬಲ್ಲು ದುಬಾರಿಯೇನಲ್ಲ. ಕಡತದ ಜೊತೆಗೆ ಫಾಂಟನ್ನೂ ತಪ್ಪದೆ ನಕಲು ಮಾಡಿಕೊಳ್ಳಬೇಕು. ಫಾಂಟಿಲ್ಲದ ಕಡತ ಮೊದಲೇ ಹೇಳಿದಂತೆ ಪೌಂಡು, ಟೋಪಿಗಳ ರಾಶಿ. ಪಿಡಿಎಫ್ ಮಾಡಿಟ್ಟಿದ್ದೇವೆ ಎಂದು ಸಮಾಧಾನಪಡುವವರೂ ಉಂಟು. ಅದು ಕಣ್ಣಿಗೆ ಕನ್ನಡವಾಗಿಯೇ ಕಾಣುತ್ತದೆ. ಒಂದು ಸಾಲನ್ನು ನಕಲು ಮಾಡಿ ಬೇರೆಡೆ ಅಂಟಿಸಿದಾಗ ಗುಟ್ಟು ಬಯಲಾಗುತ್ತದೆ.

ಹಳೆಯ ಸಂಕೇತದಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬರಹ, ನುಡಿಗಳ ನಂತರದ ಆವೃತ್ತಿಗಳಲ್ಲೂ ಅವು ಇವೆ. ಯಾವ ತಂತ್ರಾಂಶದ ಕಡತವೋ ಆ ಹೆಸರನ್ನೇ ಆರಿಸಬೇಕು. ನೂರು ಪುಟ ನಿಮಿಷದಲ್ಲಿ ಬದಲಾಗುತ್ತದೆ, ಆದರೆ ಕುರುಡಾಗಿ ನಂಬುವಂತಿಲ್ಲ. ಕನ್ನಡದ ನಡುವೆ ಬಂದ ಇಂಗ್ಲಿಷ್ ಪದಗಳನ್ನೂ ಪರಿವರ್ತಕ ಕನ್ನಡದ ತುಂಡುಗಳೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳನ್ನಾಗಿ ಮಾಡಿಬಿಡುತ್ತದೆ. ಎರಡಕ್ಕೂ ಸಂಕೇತ ಒಂದೇ ಆಗಿತ್ತಲ್ಲವೆ? ಅರ್ಕಾವೊತ್ತು ಎಲ್ಲೋ ಜಾರಿರುತ್ತದೆ, ಅಂಕಿಗಳು ಅದಲುಬದಲಾಗಿರುತ್ತವೆ.

ಅದಕ್ಕೆ ಮದ್ದು ಮುದ್ರಣಾಲಯದ ಕರಡು ತಿದ್ದುವವರು ಹಿಂದಿನಿಂದ ಮಾಡಿಕೊಂಡು ಬಂದದ್ದೇ. ಹಳೆಯ ಮುದ್ರಿತ ಪ್ರತಿ ಒಬ್ಬರ ಕೈಯಲ್ಲಿರಲಿ, ಪರದೆಯ ಮುಂದೆ ಇನ್ನೊಬ್ಬರು ಕೂರಲಿ. ಮನೆಯ ಹಿರಿಯರು ಗಟ್ಟಿಯಾಗಿ ಓದುತ್ತ ಹೋದರೆ ಮಕ್ಕಳು ತಿದ್ದುತ್ತ ಬರಬಹುದು, ದಿನಕ್ಕೆ ಐದು ಪುಟದಂತೆ. 'ಅರ್ಥ', 'ವರ್ಷ', 'ಕಾರ್ಯದರ್ಶಿ' ಎಂಬ ಮಾತುಗಳು ಬಂದಲ್ಲಿ ಮಾತ್ರ ಒಂದು ಕ್ಷಣ ನಿಂತು ನೋಡಬೇಕು.